ಮೂರನೇ ಹಾಡಿನಲ್ಲಿ ಕರೆಂಟ್ ಬಂತು

ಆಗೆಲ್ಲ ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಇದ್ದಾಗ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಕರೆಂಟ್ ಹೋದ ಕೂಡಲೇ ಎಲ್ಲರ ಮನೆಯ ಜಗಳ ಎಲ್ಲರಿಗೂ ಕೇಳುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಹೇಳುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಮನೆಗೆ ಎರಡೋ ನಾಲ್ಕೋ ಪವರ್‌ಲೂಮ್ ಮಗ್ಗಗಳಿದ್ದವು. ನಡುಮನೆಯಲ್ಲಿ ಮಗ್ಗ, ಮಗ್ಗದ ಪಕ್ಕದಲ್ಲೇ ಊಟ, ಓದು, ನಿದ್ದೆ. ಮಷೀನ್ ಎಣ್ಣೆಯ ವಾಸನೆಗೆ ಅಮ್ಮನ ಉಪ್ಪೆಸರಿನ ಬೆಳ್ಳುಳ್ಳಿ ವಾಸನೆ ಸೇರಿಕೊಂಡು ಸ್ಕೂಲ್ ಯೂನಿಫಾರಮ್ಮಿಗೂ ಅಂಟಿಕೊಳ್ಳುತ್ತಿತ್ತು. ಕಂಡಿಕೆ ಅಂದರೆ ನೂಲು ಸುತ್ತುವ ಸಣ್ಣ ಕಡ್ಡಿ. ಅದನ್ನು ಲಾಳಿಯೊಳಗೆ ಕೂರಿಸಿದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡಾಡಿ ಸೀರೆ ನೇಯುತ್ತದೆ. ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸಿ ಬಟ್ಟೆಯ ಚೆಂಡಿನಿಂದ ಬೀಳಿಸುವುದು ನಮ್ಮ ಬೀದಿಯ ಮಕ್ಕಳ ಆಟ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಆ ಕಾಲದ ಇಂಗ್ಲಿಷ್ ರಾಕ್ ಆಲ್ಬಂಗಳ ಬಗ್ಗೆ ಮಾತಾಡುವ ಹಕ್ಕು ನನಗೂ ಇದೆ ಎಂದು ನಾನು ಇವತ್ತಿಗೂ ಸಾಬೀತು ಮಾಡುತ್ತಲೇ ಇರಬೇಕಾಗಿದೆ. ಬೆಂಗಳೂರಿನಲ್ಲಿ ಐವತ್ತು ದಾಟಿದ ಗಂಡಸರು ಗಡ್ಡ ನೀವಿಕೊಂಡು, "ಆಗ ಇದನ್ನೆಲ್ಲ ಕೇಳ್ತಿದ್ದೋರು ಕಂಟೋನ್ಮೆಂಟ್ ಕಡೆ ನಾಲ್ಕು ಜನ ಅಷ್ಟೇ" ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಐದನೆಯವಳು, ಆರನೆಯವಳು ಬಳ್ಳಾಪುರದಲ್ಲಿ ಕಂಡಿಕೆ ಸುತ್ತುತ್ತಾ ಕೂತಿದ್ದರು ಸ್ವಾಮಿ. ಒಬ್ಬಳು ನಾನು, ಎಂಟನೇ ಕ್ಲಾಸಿನ ಗಿರಿಜಾ. ಇನ್ನೊಬ್ಬಳು ನನಗಿಂತ ಐದು ವರ್ಷ ದೊಡ್ಡವಳಾದ ನನ್ನಕ್ಕ ಶಾರದಾ.

ಅಕ್ಕ ಬೆಳಗಿನ ಬಸ್ಸಿಗೆ ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೊಬ್ಬ ಗೆಳತಿ ಅನಿತಾ. ಅನಿತಾಳ ಅಣ್ಣನಿಗೆ ಹಡಗಿನಲ್ಲಿ ಕೆಲಸ, ಬಂದಾಗಲೆಲ್ಲ ಕ್ಯಾಸೆಟ್ ತರುತ್ತಿದ್ದ. ಶನಿವಾರ ಸಂಜೆ ಅಕ್ಕನ ಬ್ಯಾಗಿನಲ್ಲಿ ಒಂದು ಕ್ಯಾಸೆಟ್ ಬಳ್ಳಾಪುರಕ್ಕೆ ಬರುತ್ತಿತ್ತು, ಸೋಮವಾರ ಬೆಳಿಗ್ಗೆ ವಾಪಸ್ಸು ಹೋಗುತ್ತಿತ್ತು. ಅನಿತಾ ಕವರ್ ಕೊಡುತ್ತಿರಲಿಲ್ಲ, ಹರಿದುಹೋಗುತ್ತದೆಂದು ಭಯ. ಹಾಗಾಗಿ ಯಾವ ತಂಡ, ಯಾವ ಹಾಡು, ನಮಗೊಂದೂ ಗೊತ್ತಾಗುತ್ತಿರಲಿಲ್ಲ. ನಾವೇ ಹೆಸರಿಡುತ್ತಿದ್ದೆವು. ಎರಡನೇ ಹಾಡಿಗೆ ಮುಂಚೆ ಒಬ್ಬ ಕೆಮ್ಮುತ್ತಿದ್ದ ಆಲ್ಬಂ "ಕೆಮ್ಮಣ್ಣ". ಹಾಸಿಗೆಯಿಂದ ಎದ್ದೇ ಇಲ್ಲವೇನೋ ಎನ್ನುವಂತೆ ಹಾಡುತ್ತಿದ್ದವರ ಆಲ್ಬಂ "ಸೋಮಾರಿಗಳು". ಮೊದಲ ಹಾಡಿನಿಂದ ಕೊನೆಯವರೆಗೂ ಯಾರ ಮೇಲೋ ಸಿಟ್ಟಾಗಿದ್ದವರ ಆಲ್ಬಂ "ಗುಡುಗು". ನನಗೆ ಅದೇ ಪ್ರಾಣ.

ಅಭಿಪ್ರಾಯಗಳು ಮಾತ್ರ ನಮ್ಮಲ್ಲಿ ಬೇಕಾದಷ್ಟಿದ್ದವು. ಅಪ್ಪ ಸೀರೆಯ ಅಂಚು, ಬುಟ್ಟಾಗಳ ಡಿಸೈನ್ ಬರೆಯಲು ಚೌಕುಳಿಯ ಗ್ರಾಫ್ ಪುಸ್ತಕ ಇಟ್ಟುಕೊಂಡಿದ್ದರು. ಅದರ ಹಿಂದಿನ ಹಾಳೆಗಳಲ್ಲಿ ಅಕ್ಕ ಹಾಡುಗಳನ್ನು ಬರೆಯುತ್ತಿದ್ದಳು. ಮೆಲ್ಲಗಿರುವ ಕಡೆ ಚೌಕ ಖಾಲಿ, ಜೋರಾಗುವ ಕಡೆ ಕೆಂಪು ಪೆನ್ಸಿಲ್. ನಾಲ್ಕಾರು ಆಲ್ಬಂ ಆಗುವಷ್ಟರಲ್ಲಿ ಗುಟ್ಟು ರಟ್ಟಾಯಿತು.

"ನೋಡೇ ಗಿರೀ, ಎಲ್ಲಾ ಒಂದೇ ಡಿಸೈನು. ಮೆಲ್ಲಗೆ, ಜೋರು, ಮೆಲ್ಲಗೆ, ಜೋರು. ಒಡಲು, ಅಂಚು, ಒಡಲು, ಅಂಚು" ಎಂದಳು ಅಕ್ಕ.

ಇಡೀ ದಶಕದ ರಾಕ್ ಸಂಗೀತದ ಮೇಲೆ ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಿಲ್ಲ. ಅದನ್ನು ಹೇಳಿದವಳಿಗೆ ಆಗ ಹತ್ತೊಂಬತ್ತು ವರ್ಷ, ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆ.

ಜಗಳಗಳೂ ಇದ್ದವು. ಕೆಲವು ಆಲ್ಬಂಗಳಲ್ಲಿ ಕೊನೆಯ ಹಾಡು ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಕದ್ದುಮುಚ್ಚಿ ಇನ್ನೊಂದು ಹಾಡು ಬರುತ್ತಿತ್ತು. ಅದೊಂದು ದೊಡ್ಡ ಜಾಣತನ ಎಂದು ಅನಿತಾಳ ಅಣ್ಣ ಹೇಳಿದ್ದನಂತೆ. ಅದೇನು ಜಾಣತನವೋ! ಸೆಲ್ ಹಾಕಿ ಟೇಪ್ ಓಡಿಸುವವರ ಸಂಕಟ ಆ ಪುಣ್ಯಾತ್ಮರಿಗೇನು ಗೊತ್ತು? ಆ ಹತ್ತು ನಿಮಿಷದ ಮೌನಕ್ಕೆ ನಮ್ಮ ಸೆಲ್ ಜೀವ ಬಿಡುತ್ತಿತ್ತು. ಇನ್ನು ಕೆಲವರು ಕರೆಂಟ್ ಗಿಟಾರ್ ಬಿಟ್ಟು ಬರಿಯ ಮರದ ಗಿಟಾರಿನಲ್ಲಿ ಅವೇ ಹಾಡುಗಳನ್ನು ಮತ್ತೊಮ್ಮೆ ನುಡಿಸಿ ಆಲ್ಬಂ ಮಾಡಿದರು. ಕರೆಂಟ್ ಇಲ್ಲದೆ ನುಡಿಸಿದ್ದೇವೆ ಎಂಬುದೇ ಅವರಿಗೆ ಹೆಮ್ಮೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಇಲ್ಲದ ಬೀದಿಯಲ್ಲಿ ಕೂತು ಅದನ್ನು ಕೇಳಿ ನಮಗಾದ ಕೋಪ ಅಷ್ಟಿಷ್ಟಲ್ಲ. ಅಕ್ಕ ಆ ಆಲ್ಬಮ್ಮಿಗೆ ಒಂದು ಚೌಕವನ್ನೂ ಕೆಂಪು ಮಾಡಲಿಲ್ಲ.

"ಗುಡುಗು" ಬಂದದ್ದು ಒಂದು ಏಪ್ರಿಲ್ ಶನಿವಾರ. ಹಡಗಿನ ಅಣ್ಣ ಅದನ್ನು ಜೊತೆಗೇ ತೆಗೆದುಕೊಂಡು ವಾಪಸ್ಸು ಹೊರಟಿದ್ದರಿಂದ ಆ ಕ್ಯಾಸೆಟ್ ಇನ್ನೆಂದೂ ಸಿಗುವುದಿಲ್ಲ ಎಂದು ಅನಿತಾ ಮೊದಲೇ ಹೇಳಿದ್ದಳು. ನಾನು ಅತ್ತೆ. ಚಿಕ್ಕಪೇಟೆಯ ಸೀರೆ ಸಾಹುಕಾರರು ದೀಪಾವಳಿಗೆ ಅಪ್ಪನಿಗೆ ಕೊಟ್ಟಿದ್ದ ಒಂದು ಖಾಲಿ ಕ್ಯಾಸೆಟ್ ನಮ್ಮಲ್ಲಿತ್ತು. ನಮ್ಮದೊಂದು ಟೇಪ್ ರೆಕಾರ್ಡರ್ ಇತ್ತು, ಎದುರುಮನೆಯ ಸುಬ್ಬಕ್ಕನ ಹತ್ತಿರ ಇನ್ನೊಂದು. ಎರಡನ್ನೂ ಜೋಡಿಸುವ ವೈರು ಇರಲಿಲ್ಲ. ಹಾಗಾದರೆ ಎದುರುಬದುರು ಇಟ್ಟು ಒಂದರಲ್ಲಿ ಹಾಡು ಹಾಕಿ ಇನ್ನೊಂದರ ಮೈಕಿನಲ್ಲಿ ಹಿಡಿಯಬೇಕು. ಮಗ್ಗ ಓಡುವಾಗ ಅದು ಸಾಧ್ಯವೇ ಇಲ್ಲ. ಕರೆಂಟ್ ಹೋಗಬೇಕು.

ಕರೆಂಟ್ ಹೋಗಲಪ್ಪಾ ಎಂದು ಬಳ್ಳಾಪುರದಲ್ಲಿ ದೇವರಿಗೆ ಕೈಮುಗಿದವರು ನಾವಿಬ್ಬರೇ ಇರಬೇಕು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಹಾಡು ಹಾಕುವ ಸುಬ್ಬಕ್ಕನ ಟೇಪಿಗೆ ಹೊಸ ಸೆಲ್ ಹಾಕಿದೆವು. ರೆಕಾರ್ಡ್ ಮಾಡುವ ನಮ್ಮದರಲ್ಲಿದ್ದವು ಹಳೆಯ ಸೆಲ್‌ಗಳು. ಅವನ್ನು ಬೆಳಗಿನಿಂದ ತಾರಸಿಯ ಮೇಲೆ ಬಿಸಿಲಿಗಿಟ್ಟು ಜೀವ ತುಂಬಿಸಿದ್ದೆವು. ಸೆಲ್ ಬಿಸಿಲಿಗಿಟ್ಟರೆ ಮತ್ತೆ ಚುರುಕಾಗುತ್ತದೆ ಎಂದು ಊರಿಗೆ ಊರೇ ನಂಬಿದ್ದ ಕಾಲ ಅದು. ಹಿಂದಿನ ಕೋಣೆಯಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ನಡುವೆ ಎರಡೂ ಟೇಪ್ ಇಟ್ಟು, ಬಾಗಿಲು ಹಾಕಿ ಕೂತೆವು. ಬೆವರು ಕಣ್ಣಿಗಿಳಿಯುತ್ತಿತ್ತು.

"ಸುಮ್ನಿರು, ಉಸಿರೂ ಬಿಡ್ಬೇಡ" ಎಂದು ಅಕ್ಕ ಪಿಸುಗುಟ್ಟಿದಳು. ಅದೂ ರೆಕಾರ್ಡ್ ಆಯಿತು.

ಮೊದಲ ಬದಿ ಚೆನ್ನಾಗಿಯೇ ಆಯಿತು. ತಿರುಗಿಸಿ ಹಾಕಿದೆವು. ಎರಡು ಹಾಡು ಮುಗಿದವು. ಮೂರನೇ ಹಾಡು ಆ ಆಲ್ಬಮ್ಮಿನಲ್ಲೇ ಬಹಳ ಮೆಲ್ಲಗಿನದು. ಒಂದೇ ಗಿಟಾರು, ಗೊಣಗಿದಂತೆ ಹಾಡು. ಅರ್ಧಕ್ಕೆ ಬಂದಾಗ ಒಂದು ಕ್ಷಣ ಎಲ್ಲ ನಿಲ್ಲುತ್ತದೆ, ಆಮೇಲೆ ಡ್ರಮ್ಮು, ಉಳಿದ ಗಿಟಾರುಗಳು ಒಟ್ಟಿಗೆ ಬೀಳುತ್ತವೆ. ಆ ಒಂದು ಕ್ಷಣದಲ್ಲಿ ಕರೆಂಟ್ ಬಂತು. ನಡುಮನೆಯಲ್ಲಿ ಅಪ್ಪನ ಮಗ್ಗ ಟಕ್ಕಡ ಟಕ್ಕಡ ಎಂದು ಎದ್ದಿತು. ಅದರ ಹಿಂದೆಯೇ ಇನ್ನೊಂದು, ಪಕ್ಕದ ಮನೆಯವು, ಬೀದಿಯುದ್ದಕ್ಕೂ. "ಶಾರೀ, ಕಂಡಿಕೆ ತಾರೇ!" ಎಂದು ಅಪ್ಪ ಕೂಗಿದರು. ನಾನು ಟೇಪ್ ನಿಲ್ಲಿಸಲು ಕೈ ಚಾಚಿದೆ, ಅಕ್ಕ ಫಟ್ಟನೆ ಹೊಡೆದಳು. ನಿಲ್ಲಿಸಿದರೆ ಮತ್ತೆ ಮೊದಲಿಂದ ಮಾಡಬೇಕು, ಸೆಲ್ಲಿನಲ್ಲಿ ಅಷ್ಟು ಜೀವ ಉಳಿದಿರಲಿಲ್ಲ. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಅವಳು ನಕ್ಕದ್ದು, ಅಪ್ಪ ಎರಡನೇ ಸಲ ಕೂಗಿದ್ದು, ಹಾಡು, ಮಗ್ಗ ಎಲ್ಲವೂ ಆ ಕ್ಯಾಸೆಟ್ಟಿನೊಳಗೆ ಹೋಯಿತು.

ಸಂಜೆ ಹಾಕಿ ಕೇಳಿದಾಗ ಇನ್ನೊಂದು ವಿಚಿತ್ರ. ನಮ್ಮ ಕ್ಯಾಸೆಟ್ಟಿನಲ್ಲಿ ಹಾಡುಗಳು ಅಸಲಿಗಿಂತ ಸ್ವಲ್ಪ ವೇಗವಾಗಿ ಓಡುತ್ತಿದ್ದವು. ಹಾಡುವವನ ದನಿ ತೆಳ್ಳಗಾಗಿತ್ತು. ಅಪ್ಪನ ದನಿ ಹುಡುಗನ ದನಿಯಂತಾಗಿತ್ತು. ಮೊದಲು ಬೇಸರವಾಯಿತು. ಸೋಮವಾರ ಬೆಳಿಗ್ಗೆ ಬಸ್ಸಿಗೆ ಮುಂಚೆ ಅನಿತಾಳ ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿ, ಎರಡನ್ನೂ ತಾಳೆ ನೋಡಿದೆವು.

"ಅವಳದು ಉಂಡು ಮಲಗಿದಂಗಿದೆ ಕಣೇ. ನಮ್ದೇ ಚೆನ್ನಾಗಿದೆ" ಎಂದಳು ಅಕ್ಕ.

ಅದು ಅವಳ ತೀರ್ಮಾನ. ಎರಡನ್ನೂ ಕೇಳಿ ತೂಗಿ ಹೇಳಿದ ತೀರ್ಮಾನ, ತಿಳಿಯದೆ ಹೇಳಿದ್ದಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೂರನೇ ಹಾಡಿಗೆ ಅವಳು ಗ್ರಾಫ್ ಪುಸ್ತಕದ ಒಂದಿಡೀ ಹಾಳೆ ಕೊಟ್ಟಳು. ಮಗ್ಗ ಬರುವ ಕಡೆ ಕೆಂಪು ಸಾಲದೆ ಕುಂಕುಮ ಹಚ್ಚಿದಳು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಿಪ್ಪುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಯಾರೂ ಅದರ ಮೇಲೆ ಬೇರೆ ಏನನ್ನೂ ರೆಕಾರ್ಡ್ ಮಾಡುವಂತಿಲ್ಲ. ನಾನು ಅಂದೇ ಅಮ್ಮನ ಪಿನ್ನಿನಿಂದ ಎರಡನ್ನೂ ಕಿತ್ತುಹಾಕಿದೆ. ನಮ್ಮ ಮನೆಗೆ ಬರುವ ನೆಂಟರಿಗೆ ಸಿಕ್ಕಸಿಕ್ಕ ಕ್ಯಾಸೆಟ್ಟಿನಲ್ಲಿ ದೇವರನಾಮ ಹಿಡಿಯುವ ಚಟ ಇತ್ತು. ಇನ್ನು ಭಯವಿಲ್ಲ ಎಂದುಕೊಂಡೆ.

ಆ ಬೇಸಿಗೆಯಿಡೀ ನಮಗೆ "ಗುಡುಗು". ಹಲಸಿನ ಹಣ್ಣು ಬಿಡಿಸುವಾಗ, ನೂಲು ಸುತ್ತುವಾಗ, ಚೌಕಾಬಾರ ಆಡುವಾಗ. ಅಪ್ಪನಿಗೆ ಆ ಸಂಗೀತ ಏನೂ ಅರ್ಥವಾಗದಿದ್ದರೂ ಮೂರನೇ ಹಾಡಿಗೆ ಮಾತ್ರ ಬಂದು ನಿಲ್ಲುತ್ತಿದ್ದರು. ತಮ್ಮ ಮಗ್ಗದ ಸದ್ದು ಬಂದ ಕೂಡಲೇ ಮೀಸೆಯಡಿ ನಗುತ್ತಾ, "ಈಗ ನೋಡು ಸರಿಯಾಗಿ ತಾಳ ಹಾಕ್ದ ನನ್ಮಗ" ಎನ್ನುತ್ತಿದ್ದರು. ತಾಳ ಹಾಕಿದವನು ಅಮೆರಿಕದವನೋ ಅಪ್ಪನೋ ಎಂದು ನಾವು ಕೇಳಲು ಹೋಗಲಿಲ್ಲ.

ಆ ವರ್ಷದ ಕೊನೆಗೆ ಅಕ್ಕನಿಗೆ ಗಂಡು ಗೊತ್ತಾಯಿತು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಹೆಸರು ಮೋಹನ. ಮದುವೆಯ ದಿನ ಗೊತ್ತುಮಾಡಲು ಹಿರಿಯರ ಜೊತೆ ಅವರೂ ಬಂದಿದ್ದರು. ಹಿರಿಯರು ಪಂಚಾಂಗ ನೋಡುತ್ತಿದ್ದಾಗ ಅಮ್ಮ, "ಗಿರೀ, ನಿಮ್ಮ ಭಾವನಿಗೆ ಮನೆ ತೋರ್ಸೇ" ಎಂದಳು. ನಾನು ಮಗ್ಗ ತೋರಿಸಿದೆ, ತಾರಸಿ ತೋರಿಸಿದೆ, ಹಿಂದಿನ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಕಂಡು ಅವರು ನಿಂತರು. ಒಳಗಿದ್ದ ಕ್ಯಾಸೆಟ್ ಓಡಿಸಿದರು. ಎರಡು ನಿಮಿಷ ಕೇಳಿ, ಕಣ್ಣರಳಿಸಿದರು.

"ಏನಮ್ಮಾ ಇದು! ಬಳ್ಳಾಪುರದಲ್ಲಿ ಈ ಆಲ್ಬಮ್ಮಾ?"

ನನಗೆ ಹೆಮ್ಮೆಯಾಯಿತು. ಅವರೂ ನಮ್ಮ ಪೈಕಿಯವರೇ ಎಂದು ಗೊತ್ತಾಯಿತಲ್ಲ ಎಂದು ಕುಣಿಯುವಂತಾಯಿತು. ಅಷ್ಟರಲ್ಲಿ ಅವರು ನಗಲು ಶುರುಮಾಡಿದರು.

"ಇದು ಫಾಸ್ಟ್ ಓಡ್ತಾ ಇದೆ ಕಣಮ್ಮ. ರೆಕಾರ್ಡ್ ಮಾಡುವಾಗ ಸೆಲ್ ವೀಕ್ ಇತ್ತಾ? ಆಗ ಟೇಪ್ ನಿಧಾನ ಓಡಿರುತ್ತೆ, ಈಗ ಕರೆಂಟಲ್ಲಿ ಹಾಕಿದ್ರೆ ಇಲಿ ಕಿರುಚಿದಂಗೆ ಕೇಳ್ಸುತ್ತೆ." ಮೂರನೇ ಹಾಡಿನವರೆಗೂ ಓಡಿಸಿ, ಮಗ್ಗದ ಸದ್ದು ಬಂದಾಗ ಹೊಟ್ಟೆ ಹಿಡಿದುಕೊಂಡರು. "ಅಯ್ಯೋ ರಾಮ, ಹಾಡನ್ನೇ ಕೊಂದಿದ್ದೀರಲ್ಲ!"

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಗ್ರಾಫ್ ತೆಗೆದು ತೋರಿಸುತ್ತಾಳೆ, ಎರಡನ್ನೂ ತಾಳೆ ನೋಡಿಯೇ ಇದನ್ನು ಆರಿಸಿಕೊಂಡದ್ದು ಎನ್ನುತ್ತಾಳೆ ಎಂದುಕೊಂಡೆ. ಅಕ್ಕ ನೆಲ ನೋಡುತ್ತಾ, "ಹೂಂ, ಸುಮ್ನೆ ಮಾಡಿದ್ದು" ಎಂದಳು.

ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು.

ಭಾವ ಒಳ್ಳೆಯವರೇ. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. "ನನ್ ಫ್ರೆಂಡ್ ಹತ್ರ ಒಳ್ಳೇ ಟೇಪ್ ಡೆಕ್ ಇದೆ, ಸರಿ ಮಾಡಿಸ್ಕೊಡ್ತೀನಿ" ಎಂದು ಕ್ಯಾಸೆಟ್ಟನ್ನು ಜೇಬಿಗಿಳಿಸಿದರು. ನಾನು "ಬೇಡ" ಎಂದೆ. ಅದು ನನ್ನ ಬಾಯಿಂದ ಹೊರಬಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಆಗಲೇ ಪಕ್ಕದ ಮನೆಯ ಮಗ್ಗ ಶುರುವಾಗಿತ್ತು. ಮುಂದೆ ಮನೆಯ ಅಳಿಯನಾಗುವವರ ಜೇಬಿಗೆ ಕೈಹಾಕಿ ಕಿತ್ತುಕೊಳ್ಳುವ ಧೈರ್ಯ ಹೈಸ್ಕೂಲು ಹುಡುಗಿಗೆ ಎಲ್ಲಿಂದ ಬರಬೇಕು? ಹೇಗೂ ಚಿಪ್ಪು ಮುರಿದಿದ್ದೇನೆ, ಅದನ್ನು ಯಾರೂ ಏನೂ ಮಾಡಲಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕ್ಯಾಸೆಟ್ ವಾಪಸ್ಸು ಬಂತು. ಅದೇ ಕ್ಯಾಸೆಟ್. ಮೇಲೆ ಮುತ್ತಿನಂಥ ಅಕ್ಷರದಲ್ಲಿ ತಂಡದ ಹೆಸರು, ಆಲ್ಬಮ್ಮಿನ ಹೆಸರು, ಹಾಡುಗಳ ಪಟ್ಟಿ. ಬೆನ್ನು ತಿರುಗಿಸಿ ನೋಡಿದೆ. ನಾನು ಮುರಿದಿದ್ದ ಎರಡೂ ಚಿಪ್ಪಿನ ಜಾಗದಲ್ಲಿ ಅಂಟುಪಟ್ಟಿಯ ಎರಡು ಪುಟ್ಟ ಚೌಕ, ಅಂಚು ಕೂಡ ಎದ್ದಿರದ ಹಾಗೆ ಅಂಟಿಸಿದ್ದರು. ಅಷ್ಟು ಅಚ್ಚುಕಟ್ಟು. ಆ ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಕಿ ಕೇಳಿದೆವು. ಸರಿಯಾದ ವೇಗ. ದಪ್ಪ ದನಿ. ಒಂದು ಚೂರು ಗದ್ದಲವಿಲ್ಲ. ಎರಡನೇ ಬದಿಯ ಮೂರನೇ ಹಾಡು ಬಂತು, ಎಲ್ಲ ನಿಂತಿತು, ಡ್ರಮ್ಮು ಬಿತ್ತು. ಬಾಗಿಲಲ್ಲಿ ಬಂದು ನಿಂತಿದ್ದ ಅಪ್ಪ ಸ್ವಲ್ಪ ಹೊತ್ತು ಕಾದರು.

"ನಮ್ ಮಗ್ಗ ಎಲ್ಹೋಯ್ತಮ್ಮ?" ಎಂದು ಕೇಳಿದರು.

"ಸರಿ ಮಾಡಿಸ್ಕೊಂಡ್ ಬಂದಿದ್ದಾರೆ ಅಪ್ಪಾ" ಎಂದಳು ಅಕ್ಕ. ಅಪ್ಪ "ಓ ಹಂಗಾ, ಒಳ್ಳೇದು" ಎಂದು ಹೋದರು. ಆಮೇಲೆ ಅವರು ಆ ಹಾಡಿಗೆ ಬಂದು ನಿಂತದ್ದನ್ನು ನಾನು ನೋಡಲಿಲ್ಲ.

ನಾನು ಕೂಗಾಡಿದೆ. ಎಳ್ಳುಬೆಲ್ಲದ ಪೊಟ್ಟಣ ಎಸೆದೆ. ಅಮ್ಮ ಎರಡು ಬಿಟ್ಟಳು. "ಅಷ್ಟು ದೂರದಿಂದ ಪ್ರೀತಿಯಿಂದ ಮಾಡಿಸ್ಕೊಂಡ್ ಬಂದವ್ರೆ, ನಿಂಗೇನೇ ಬಂದಿದ್ದು ಧಾಡಿ?" ಎಂದಳು. ಇಡೀ ಮನೆಯಲ್ಲಿ ಒಬ್ಬರಿಗಾದರೂ ಅದು ತಪ್ಪು ಎನ್ನಿಸಲಿಲ್ಲ. ನನ್ನ ಸಿಟ್ಟೆಲ್ಲ ಕೊನೆಗೆ ಅಕ್ಕನ ಮೇಲೆ ತಿರುಗಿತು. "ನೀನೇ ತಾನೇ ನಮ್ದೇ ಚೆನ್ನಾಗಿದೆ ಅಂದಿದ್ದು?" ಎಂದು ಕೇಳಿದೆ. "ಆಗ ಗೊತ್ತಿರ್ಲಿಲ್ಲ ಬಿಡೇ" ಎಂದಳು. ಗೊತ್ತಿರಲಿಲ್ಲವಂತೆ!

ಮದುವೆಯಾದ ಮೇಲೆ ಅಕ್ಕನ ಅಭಿಪ್ರಾಯಗಳೆಲ್ಲ ಒಂದೊಂದಾಗಿ ಭಾವನ ಅಭಿಪ್ರಾಯಗಳಾದವು. ಅವಳಿಗೆ ಪ್ರಾಣವಾಗಿದ್ದ ಕೆಮ್ಮಣ್ಣನಿಗೆ ಸರಿಯಾಗಿ ಹಾಡಲು ಬರುವುದಿಲ್ಲವಂತೆ. ಸೋಮಾರಿಗಳ ಮೊದಲ ಆಲ್ಬಮ್ಮೇ ಚೆನ್ನಾಗಿತ್ತಂತೆ, ಆಮೇಲೆ ಕಾಸಿಗೆ ಮಾರಿಕೊಂಡರಂತೆ. ಒಂದು ಆಲ್ಬಮ್ಮನ್ನು ಊರೆಲ್ಲ ಕೇಳಲು ಶುರುಮಾಡಿದ ಕೂಡಲೇ ಅದು ಕೆಟ್ಟುಹೋಗುತ್ತದೆ ಎನ್ನುವ ಈ ಗಂಡಸರ ಲೆಕ್ಕಾಚಾರ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಬೇಕಾದಷ್ಟು ಜನ ಉಟ್ಟರೆ ಸೀರೆ ಕೆಡುತ್ತದೆಯೇ? ಪ್ರತಿಸಲ ತವರಿಗೆ ಬಂದಾಗ ಅಕ್ಕ "ಇವ್ರು ಹೇಳ್ತಾರೆ" ಎಂದೇ ಮಾತು ಶುರುಮಾಡುತ್ತಿದ್ದಳು. ನಾನು ಎದ್ದು ಹೋಗುತ್ತಿದ್ದೆ. ಗ್ರಾಫ್ ಪುಸ್ತಕವನ್ನು ಅಮ್ಮ ಒಂದು ಶ್ರಾವಣದಲ್ಲಿ ಹಳೆ ಪೇಪರಿನ ಜೊತೆ ಹಾಕಿದಳು.

ಮೂವತ್ತು ವರ್ಷ ಕಳೆಯಿತು. ನಮ್ಮ ಬೀದಿಯಲ್ಲಿ ಈಗ ಮಗ್ಗದ ಸದ್ದು ಕೇಳಬೇಕೆಂದರೆ ಆ ತುದಿಯವರೆಗೂ ನಡೆಯಬೇಕು. ಕರೆಂಟ್ ಇಡೀ ದಿನ ಇರುತ್ತದೆ, ಟೀವಿ ಓಡುತ್ತದೆ. ನಮ್ಮ ಮಗ್ಗಗಳನ್ನು ಗುಜರಿಯವನು ತುಂಡು ಮಾಡಿ ಗಾಡಿಗೆ ಹಾಕಿಕೊಂಡು ಹೋದ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಫೋಟೋಗಳು ಬೇಕಾದಷ್ಟಿವೆ. ದನಿ ಎಲ್ಲೂ ಇಲ್ಲ. ಹುಡುಗನ ದನಿಯಂತೆ ಕೇಳಿಸುತ್ತಿದ್ದ ಆ ಎರಡು ಕೂಗು ಬಿಟ್ಟರೆ ಅವರ ದನಿಯನ್ನು ನಾವು ಯಾವತ್ತೂ ಹಿಡಿದಿಟ್ಟಿರಲಿಲ್ಲ. ಅದೂ ಒಂದು ಅಂಟುಪಟ್ಟಿಗೆ ಹೋಯಿತು. ಇದನ್ನು ಭಾವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಪಾಪ, ಅಪ್ಪನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮಗನಂತೆ ಕೂತವರು ಅವರು. ಬಾಯಿ ಮುಚ್ಚಿಕೊಂಡಿದ್ದೇನೆ.

ಕಳೆದ ಅವರೆಕಾಯಿ ಕಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ನಿವೃತ್ತರಾದ ಭಾವ ಈಗ ದೊಡ್ಡ ದೊಡ್ಡ ಸ್ಪೀಕರ್, ತಟ್ಟೆ ತಿರುಗುವ ಪ್ಲೇಯರ್ ತಂದಿಟ್ಟುಕೊಂಡಿದ್ದಾರೆ. "ಬಾ ಗಿರಿಜಾ, ನಿಮ್ಮ ಆಲ್ಬಂ ಹೊಸದಾಗಿ ಬಂದಿದೆ. ಒರಿಜಿನಲ್ ಅಂದ್ರೆ ಏನೂಂತ ಈಗ ಕೇಳು" ಎಂದು ಹಾಕಿದರು. ಹಾಕಿ, ಆಗಿನ ಕಾಲದಲ್ಲಿ ಇದನ್ನು ಕೇಳುತ್ತಿದ್ದವರು ಎಷ್ಟು ಕಡಿಮೆ ಎಂದು ಶುರುಮಾಡಿದರು. ನಾನು ಹಲ್ಲು ಕಚ್ಚಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂತೆ. ಎದುರಿಗೆ ಅಕ್ಕ, ಮಡಿಲಲ್ಲಿ ಮೊರ. ಸೊಗಡಿನ ವಾಸನೆ ಕೋಣೆ ತುಂಬಿತ್ತು. ಎರಡನೇ ಬದಿಯ ಮೂರನೇ ಹಾಡು ಬಂತು. ಒಂದೇ ಗಿಟಾರು, ಗೊಣಗು. ಅಕ್ಕನ ಕೈ ನಿಂತಿತು.

"ಈಗ ಕರೆಂಟ್ ಬರುತ್ತೆ" ಎಂದಳು, ತಲೆ ಎತ್ತದೆ.

ಡ್ರಮ್ಮು ಬಿತ್ತು. ಅಕ್ಕ ಮೊರದ ಅಂಚಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟತೊಡಗಿದಳು. ಟಕ್ಕಡ ಟಕ್ಕಡ, ಟಕ್ಕಡ ಟಕ್ಕಡ. ಹಾಡಿಗಿಂತ ತುಸು ವೇಗ. ನಮ್ಮ ಕ್ಯಾಸೆಟ್ಟಿನ ವೇಗ. ಅಪ್ಪ ಕೂಗುವ ಜಾಗ ಬಂದಾಗ ಅವಳು ನನ್ನ ಮುಖ ನೋಡಿದಳು. ನಾನು ಹೇಳಿದೆ, "ಶಾರೀ, ಕಂಡಿಕೆ ತಾರೇ."

ಅಕ್ಕ ನಕ್ಕಳು. ಸೆರಗು ಬಾಯಿಗೊತ್ತಿಕೊಂಡು, ಅವತ್ತು ನಕ್ಕ ಹಾಗೆಯೇ. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ನಮ್ಮಿಬ್ಬರನ್ನೂ ನೋಡಿದರು.

"ಏನೇ ಅದು ಶಾರದಾ?"

"ನೀವು ಅಳಿಸಿದ್ರಲ್ಲ, ಅದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಸಣ್ಣದಾಯಿತು. ಎದ್ದು ಹೋಗಿ ಪ್ಲೇಯರಿನ ಮುಳ್ಳು ಎತ್ತಿ ಹಿಡಿದುಕೊಂಡು, "ಆ ಹಾಡು ಮತ್ತೆ ಹಾಕ್ಲಾ?" ಎಂದು ಕೇಳಿದರು.

"ಬೇಡ ಬಿಡಿ" ಎಂದಳು ಅಕ್ಕ, ಮೊರ ಎಳೆದುಕೊಳ್ಳುತ್ತಾ. "ಅದರಲ್ಲಿಲ್ಲ ಅದು."